ಮಂಡೆಬಿಸಿಗೊಂದು ಪದ

ಹಾಡಲು ಬರುವವರು ಹಾಡಿದರೆ ಅದರಲ್ಲಿ ಹೇಳುವಂಥದ್ದು ಏನೂ ಇಲ್ಲ. ಸಿದ್ಧಕಟ್ಟೆಯ ಆಚೀಚೆ, ಅಂದರೆ ಬಂಟ್ವಾಳಕ್ಕೂ ಮೂಡುಬಿದಿರೆಗೂ ಬಸ್ಸು ಹಿಡಿಯಬಹುದಾದ, ಮನಸ್ಸು ಮಾಡಿದರೆ ವೇಣೂರಿನ ಮೇಲಾಗಿ ಬೆಳ್ತಂಗಡಿಯನ್ನೂ ಮುಟ್ಟಬಹುದಾದ ನಮ್ಮ ಭಾಗದಲ್ಲಿ ಹಾಡಲು ಬಾರದವರೂ ಹಾಡುತ್ತಾರೆ. ಹೆಚ್ಚಿನವರು ಆ ಪೈಕಿಯವರೇ. ಅಡಿಕೆಗೆ ಮದ್ದು ಬಿಡಲು ಮರ ಹತ್ತಿದವನಿಗೆ ಹಾಡಿನ ಅರ್ಧ ಮಾತ್ರ ಗೊತ್ತು. ಉಳಿದರ್ಧ ಕೆಳಗೆ ಪಂಪು ನೋಡಿಕೊಳ್ಳುವವನಿಗೆ ಗೊತ್ತು, ಆದರೆ ಅವನಿಗೆ ರಾಗ ಗೊತ್ತಿಲ್ಲ. ಇಬ್ಬರೂ ಸೇರಿ ಒಂದು ಹಾಡನ್ನು ಕೊಂದು ಒಂದು ತೋಟ ಮುಗಿಸುತ್ತಾರೆ.

ನಾನೂ ಸಂಗೀತ ಕಲಿತವನಲ್ಲ. ಶಾಲೆಯಲ್ಲಿ ಲೆಕ್ಕ ಹೇಳಿಕೊಟ್ಟು, ಬೆಳಿಗ್ಗೆ ಪ್ರಾರ್ಥನೆಗೆ ಸಾಲು ನಿಲ್ಲಿಸಿ, ರಿಟೈರ್ ಆದವ. ನನಗೂ ಆಚೆಮನೆಯ ಅಕ್ಕನಿಗೂ ನಡುವೆ ಇರುವುದು ಒಂದು ದಾಸವಾಳದ ಬೇಲಿ, ಅದಕ್ಕೊಂದು ತಡಮೆ. ತಡಮೆ ದಾಟಿದರೆ ಚಹಾ ಮಾಡಬೇಕಾಗುತ್ತದೆ, ಕುಡಿಯಬೇಕಾಗುತ್ತದೆ. ಹಾಗಾಗಿ ನಮ್ಮ ಪಂಚಾತಿಕೆಯೆಲ್ಲ ಬೇಲಿಯ ಆಚೀಚೆಯೇ. ನಾನು ನಿಂತಿರುತ್ತೇನೆ, ಅವರು ಜಗಲಿಯ ತುದಿಯಲ್ಲಿ ಕಾಲು ನೀಡಿ, ಮಡಿಲಲ್ಲಿ ಗೆರಸೆ ಇಟ್ಟುಕೊಂಡು ಬೀಡಿ ಕಟ್ಟುತ್ತಿರುತ್ತಾರೆ. ಎಲೆ ಕತ್ತರಿಸುವುದು, ಹುಡಿ ಹಾಕಿ ಸುರುಟುವುದು, ನೂಲು ಸುತ್ತುವುದು, ತುದಿ ಮಡಚುವುದು. ಇಪ್ಪತ್ತೈದಾದರೆ ಒಂದು ಕಟ್ಟು. ಬೆರಳು ಅದರಷ್ಟಕ್ಕೆ ಓಡುತ್ತದೆ, ಬಾಯಲ್ಲಿ ಏನೋ ಒಂದು ಗುನುಗು ಅದರಷ್ಟಕ್ಕೆ ನಡೆಯುತ್ತದೆ.

“ಅದು ಯಾವ ಪದ ಅಕ್ಕ?” ಎಂದು ಕೇಳಿದೆ.

“ಯಾವುದೂ ಅಲ್ಲ ಮಾಷ್ಟ್ರೆ. ಇವತ್ತು ಸಂಘದ ಕಂತು ಕಟ್ಟುವ ದಿನ. ಬಾಯಿ ಖಾಲಿ ಬಿಟ್ರೆ ಮಂಡೆ ಲೆಕ್ಕ ಹಾಕ್ಲಿಕ್ಕೆ ಸುರು ಮಾಡ್ತದೆ.”

ಲೆಕ್ಕವನ್ನು ಹೀಗೆ ತಡೆಯಬಹುದೆಂದು ಲೆಕ್ಕದ ಮಾಷ್ಟ್ರಾದ ನನಗೆ ಯಾರೂ ಹೇಳಿರಲಿಲ್ಲ. ಅವರ ಲೆಕ್ಕ ಸಣ್ಣದೂ ಅಲ್ಲ. ಬ್ರಾಂಚಿಗೆ ಬೀಡಿ ಕೊಂಡುಹೋದರೆ ಅಲ್ಲಿ ಕಳಪೆ ಎಂದು ಬದಿಗೆ ಹಾಕಿದ್ದು ಕಳೆಯಬೇಕು. ಗಂಡನ ಸಕ್ಕರೆ ಕಾಯಿಲೆಯ ಮಾತ್ರೆ ಕೂಡಿಸಬೇಕು. ಇದ್ದ ನಾಲ್ಕು ಅಡಿಕೆ ಗಿಡಕ್ಕೆ ಎಲೆಚುಕ್ಕಿ ರೋಗ. ಮಗ ಗಲ್ಫಿನಿಂದ ಕೆಲಸ ಬಿಟ್ಟು ಬಂದು ಕೂತಿದ್ದಾನೆ. ಈ ಮೊತ್ತಕ್ಕೆ ಉತ್ತರ ಬರುವುದಿಲ್ಲ ಎಂದು ಅವರಿಗೆ ಗೊತ್ತಿದೆ. ಬಾರದ ಲೆಕ್ಕವನ್ನು ಮತ್ತೆ ಮತ್ತೆ ಮಾಡುವ ಬದಲು ಒಂದು ಪದ ಹೇಳುವುದು ಬುದ್ಧಿವಂತಿಕೆಯಲ್ಲದೆ ಮತ್ತೇನು?

“ಮೊದ್ಲು ರೇಡಿಯೋ ಇತ್ತು ನೋಡಿ” ಎಂದರು ಅಕ್ಕ. ಮಂಗಳೂರು ಆಕಾಶವಾಣಿ 1976ರ ಡಿಸೆಂಬರ್ 11ಕ್ಕೆ ಶುರುವಾದದ್ದು. ಆ ಮೇಲೆ ನಮ್ಮ ಕಡೆ ಬೀಡಿಯ ಗೆರಸೆಯೂ ರೇಡಿಯೋವೂ ಜೋಡಿಯಾದವು. “ರೇಡಿಯೋದವರು ಹಾಡಿದ್ರೆ ನಾವೂ ಒಟ್ಟಿಗೆ ಹಾಡ್ತಿದ್ದೆವು. ಈಗ ಮೊಬೈಲಿನಲ್ಲಿ ಹಾಡು ಬರ್ತದೆ, ಸರಿ. ಒಟ್ಟಿಗೆ ಹೇಳುವ ಅಂತ ಬಾಯಿ ತೆರೆಯುವಷ್ಟರಲ್ಲಿ ಮಗಳು ಬೆರಳಲ್ಲಿ ದೂಡಿ ಬೇರೆ ಹಾಕ್ತಾಳೆ.”

ಅವರ ಅಮ್ಮ ಬೀಡಿ ಕಟ್ಟಿದವರಲ್ಲ, ಗದ್ದೆಗೆ ಹೋದವರು. ಏಣೆಲಿನ ನಾಟಿ ಎಂದರೆ ಜೂನ್, ಜುಲೈಯ ಜಡಿಮಳೆ. ಬೆನ್ನ ಮೇಲೆ ಗೊರಬು, ಮೊಣಕಾಲುದ್ದ ಕೆಸರು, ಕೈಯಲ್ಲಿ ನೇಜಿಯ ಸೂಡಿ. ಒಬ್ಬಳು ಓಬೇಲೆಯೋ ಕಬಿತವೋ ಎತ್ತಿಕೊಟ್ಟರೆ ಉಳಿದವರು ಬಗ್ಗಿದಲ್ಲಿಂದಲೇ ಸೊಲ್ಲು ಹಿಡಿಯುವುದು. ಮುಖ ಒಬ್ಬರಿಗೊಬ್ಬರಿಗೆ ಕಾಣುವುದಿಲ್ಲ, ದನಿ ಮಾತ್ರ. ಮಳೆ ಜೋರಾದರೆ ದನಿಯೂ ಜೋರು.

ಜಾನಪದದ ಮೇಲೆ ಭಾಷಣ ಮಾಡುವವರು ಇದನ್ನು ದುಡಿಮೆಯ ಸಂಭ್ರಮ ಎನ್ನುತ್ತಾರೆ. ಭಾಷಣ ಮಾಡಿದವರ ಸೊಂಟ ಅಷ್ಟು ಬಗ್ಗಿದ್ದಿಲ್ಲ ಎಂದೇ ನನ್ನ ಗುಮಾನಿ. ಗದ್ದೆ ಅವರದಾಗಿರಲಿಲ್ಲ, ಭತ್ತವೂ ಅವರದಾಗಿರಲಿಲ್ಲ. ಹಾಡಿದರೆ ಸಾಲು ಒಟ್ಟಿಗೆ ಹಿಂದೆ ಸರಿಯುತ್ತದೆ, ಕೆಲಸ ಬೇಗ ಮುಗಿಯುತ್ತದೆ. ಹಾಗಾಗಿ ಹುಣಿಯ ಮೇಲೆ ಕೊಡೆ ಹಿಡಿದು ನಿಂತ ಧಣಿಗೂ ಹಾಡು ಬೇಕಿತ್ತು. ಹಾಡುವವರಿಗೆ ಬೇಕಾದದ್ದು ಬೇರೆ ಕಾರಣಕ್ಕೆ. ಧಣಿಯ ಜಿಪುಣತನ, ಅತ್ತೆಯ ಬಾಯಿ, ದೂರದ ತವರು, ಯಾವನೋ ಒಬ್ಬನ ಒನಪು, ಎಲ್ಲವನ್ನೂ ಪದದೊಳಗೆ ತುರುಕಿ ಅವನ ಎದುರೇ ಹೇಳಬಹುದು. ಕೇಳಿದರೆ ‘ಅದು ಹಿಂದಿನವರ ಕಬಿತ, ನಮಗೇನು ಗೊತ್ತು’ ಎಂದು ಬಿಡಬಹುದು. “ಅಮ್ಮ ಮನೆಯಲ್ಲಿ ಬಾಯಿ ಬಿಡ್ತಿರ್ಲಿಲ್ಲ ಮಾಷ್ಟ್ರೆ, ಗದ್ದೆಗೆ ಇಳಿದ್ರೆ ಅವರೇ ಬೇರೆ” ಎಂದರು ಅಕ್ಕ.

ಈಗ ಆ ಗದ್ದೆಗಳಲ್ಲಿ ಅರ್ಧ ಅಡಿಕೆಯಾಗಿದೆ, ಕಾಲು ಭಾಗ ರಬ್ಬರ್. ಉಳಿದಲ್ಲಿ ಯಂತ್ರ ನೆಡುತ್ತದೆ. ಯಂತ್ರಕ್ಕೆ ಮಂಡೆಬಿಸಿ ಇಲ್ಲದ್ದರಿಂದ ಅದು ಹಾಡುವುದಿಲ್ಲ. ವರ್ಷಕ್ಕೊಮ್ಮೆ ‘ಕೆಸರ್ಡೊಂಜಿ ದಿನ’ ಮಾಡುತ್ತಾರೆ. ಹಗ್ಗಜಗ್ಗಾಟ, ಓಟ, ಹುಣಿಯ ಮೇಲೆ ಆಳೆತ್ತರದ ಸ್ಪೀಕರ್, ಅದರಲ್ಲಿ ಡೀಜೆ. ಕಳೆದ ಸಲ ಎಂಬತ್ತು ದಾಟಿದ ಅಜ್ಜಿಯೊಬ್ಬರನ್ನು ವೇದಿಕೆಗೆ ಕರೆದು ಓಬೇಲೆ ಹೇಳಿಸಿದರು. ಅವರು ರಾಗ ಹಿಡಿಯುವುದಕ್ಕೆ ಸರಿಯಾಗಿ ಸಂಘಟಕರಿಗೆ ಅತಿಥಿಗಳ ಕಾರು ಕಂಡಿತು. ಅಜ್ಜಿ ಮೈಕು ಕೊಟ್ಟು ಇಳಿದರು. ಇಳಿದು, ಶಾಮಿಯಾನದ ಹಿಂದೆ ಕುರ್ಚಿಯಲ್ಲಿ ಕೂತು, ತನ್ನ ಪಾಡಿಗೆ ಪೂರ್ತಿ ಹೇಳಿ ಮುಗಿಸಿದರು. ನಾಲ್ಕೈದು ಹೆಂಗಸರು ಸುತ್ತ ನಿಂತು ಸೊಲ್ಲು ಹಿಡಿದರು. ಅತಿಥಿಗಳ ಭಾಷಣ ನಾನು ಕೇಳಲಿಲ್ಲ.

ಎಲ್ಲ ಪದಗಳಿಗೂ ಆ ಗತಿಯಾಗಲಿಲ್ಲ ಎನ್ನುವುದು ಸಮಾಧಾನ. ಬೆಳ್ತಂಗಡಿ ತಾಲೂಕಿನ ಮಾಚಾರಿನ ಗೋಪಾಲ ನಾಯ್ಕರು ಸಿರಿ ಎಂಬವಳ ಕತೆಯ ಪಾಡ್ದನ ಹೇಳುವವರು. ಬೇಸಾಯದ ಮನುಷ್ಯ. 1990ರ ಡಿಸೆಂಬರಿನಲ್ಲಿ ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ, ನಮ್ಮ ವಿವೇಕ ರೈ, ಚಿನ್ನಪ್ಪ ಗೌಡರು ಸೇರಿ ಅವರು ಹೇಳಿದ್ದನ್ನು ಪೂರ್ತಿಯಾಗಿ ರೆಕಾರ್ಡು ಮಾಡಿಕೊಂಡರು. ದಿನಗಟ್ಟಲೆ ಹಾಡಿದ್ದನ್ನು ಬರೆದಿಳಿಸಿದಾಗ 15,683 ಸಾಲು. 1998ರಲ್ಲಿ ಅದು ಹೆಲ್ಸಿಂಕಿಯಿಂದ ಪುಸ್ತಕವಾಗಿ ಬಂತು. ಗ್ರೀಕರ ಇಲಿಯಡ್ ಇರುವುದು 15,693 ಸಾಲು. ನಮ್ಮದು ಬರೀ ಹತ್ತು ಸಾಲು ಕಡಿಮೆ. ನಡುವೆ ಎಲೆ ಅಡಿಕೆ ಹಾಕಲು ಎದ್ದಾಗ ಹೋದದ್ದಿರಬೇಕು.

ಇದನ್ನು ಹೇಳಿದ್ದಕ್ಕೆ ಅಕ್ಕ ಕೈ ನಿಲ್ಲಿಸಿದರು. “ಅಷ್ಟುದ್ದ ಹೇಳಿದ ಮೇಲೆ ಗಂಟಲಿಗೆ ಒಂದು ಲೋಟ ಕಷಾಯ ಯಾರಾದ್ರೂ ಕೊಟ್ರಂತಾ?”

ಹೊಂಕೊ ಅವರ ದಪ್ಪ ಪುಸ್ತಕ ಈ ಪ್ರಶ್ನೆಯ ದಾರಿಗೆ ಹೋದಂತಿಲ್ಲ.

ಸಿರಿಯ ಕತೆ ಅಕ್ಕನಿಗೆ ನನಗಿಂತ ಚೆನ್ನಾಗಿ ಗೊತ್ತು. ಬಸ್ರೂರಿನ ಕಾಂತು ಪೂಂಜನನ್ನು ಮದುವೆಯಾದವಳು. ಅವಳ ಬಯಕೆಗೆಂದು ತಂದ ಸೀರೆಯನ್ನು ಗಂಡ ಬೇರೊಬ್ಬಳಿಗೆ ಉಡಿಸಿ ನೋಡಿ ತಂದದ್ದು ತಿಳಿದು, ಆ ಸೀರೆಯನ್ನು ಬೇಡ ಎಂದವಳು. ಆಮೇಲೆ ಗಂಡನನ್ನೇ ಬೇಡ ಎಂದು, ಕೂಸು ಕುಮಾರನನ್ನು ಎತ್ತಿಕೊಂಡು ಹೊರಟವಳು. ಮತ್ತೊಂದು ಮದುವೆಯನ್ನೂ ಮಾಡಿಕೊಂಡವಳು. ಅವಳ ಮೊಮ್ಮಕ್ಕಳು ಅಬ್ಬಗ, ದಾರಗ ಎಂಬ ಅವಳಿಗಳು ಚೆನ್ನೆಮಣೆ ಆಡುತ್ತಾ ಜಗಳವಾಗಿ ಒಬ್ಬಳ ಕೈಯಲ್ಲಿ ಇನ್ನೊಬ್ಬಳ ಜೀವ ಹೋಯಿತು. ಇಂಥ ಕತೆಯನ್ನು ನಮ್ಮ ಗದ್ದೆಯ ಹೆಂಗಸರು ತಲೆಮಾರುಗಟ್ಟಲೆ ಹೇಳಿಕೊಂಡು ಬಂದದ್ದು ಸುಮ್ಮನೆ ಹೊತ್ತು ಕಳೆಯಲಿಕ್ಕಲ್ಲ.

ಅಕ್ಕನ ಚಿಕ್ಕಮ್ಮ ಒಬ್ಬರು ಕವತ್ತಾರಿನ ಸಿರಿ ಜಾತ್ರೆಗೆ ಹೋಗುತ್ತಿದ್ದರು. ಅಲ್ಲಿ ಹೆಂಗಸರು ಪಿಂಗಾರ ಹಿಡಿದು ನಿಲ್ಲುತ್ತಾರೆ, ಮೈಮೇಲೆ ಬರುತ್ತದೆ. ಕುಮಾರನ ಪಾತ್ರಿ ಎದುರು ನಿಂತು ನೀನಾರು, ನಿನಗೇನು ಎಂದು ಪಾಡ್ದನದ ರಾಗದಲ್ಲೇ ಕೇಳುತ್ತಾನೆ. ಉತ್ತರವೂ ಅದೇ ರಾಗದಲ್ಲಿ. “ಚಿಕ್ಕಮ್ಮ ಮನೆಯಲ್ಲಿ ಮಾತಾಡಿದ್ದಕ್ಕಿಂತ ಹೆಚ್ಚು ಆ ಒಂದು ರಾತ್ರಿ ಹಾಡಿದ್ದಾರೆ” ಎಂದರು ಅಕ್ಕ. “ಗಂಡನಿಗೆ ಹೇಳ್ಬೇಕಾದ್ದನ್ನು ಗಂಡ ಅಲ್ಲೇ ಕೂತು ಕೇಳಿದ್ರು. ಮನೆಯಲ್ಲಿ ಆಗಿದ್ರೆ ಕೇಳ್ತಿದ್ರಾ?” ದೈವದ ವಿಷಯ ನಾನು ಚರ್ಚೆ ಮಾಡುವುದಿಲ್ಲ. ಆದರೆ ಮಾತಿನಲ್ಲಿ ಹೇಳಿದರೆ ಹೆಣ್ಣಿನ ಬಾಯಿ ಹೆಚ್ಚಾಯಿತು ಎನ್ನುವ ಮನೆಯೇ, ರಾಗದಲ್ಲಿ ಹೇಳಿದರೆ ಕೈಮುಗಿದು ಕೇಳುತ್ತದೆ ಎನ್ನುವುದು ನನಗೆ ಚರ್ಚೆ ಮಾಡಬೇಕಾದ ಸಂಗತಿ ಎಂದು ಕಾಣುತ್ತದೆ.

ಹಾಡು ಮನಸ್ಸಿಗೆ ಮಾತ್ರವಲ್ಲ, ಹೊಟ್ಟೆಗೂ ಒದಗಿದ್ದುಂಟು. ಆಟಿ ತಿಂಗಳೆಂದರೆ, ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಹಿಂದೆ ಕೆಲಸವಿಲ್ಲ, ಮನೆಯಲ್ಲಿ ಅಕ್ಕಿಯಿಲ್ಲ, ಜ್ವರ ಮಾತ್ರ ಧಾರಾಳ. ಆಗ ನಲಿಕೆಯವರ ಆಟಿ ಕಳೆಂಜ ಬರುತ್ತಾನೆ. ಸೊಂಟಕ್ಕೆ ತೆಂಗಿನ ಎಳೆ ಗರಿ, ಕೈಯಲ್ಲಿ ತಾಳೆಗರಿಯ ಕೊಡೆ, ಜೊತೆಯವರ ತೆಂಬರೆಯ ಪೆಟ್ಟಿಗೆ ಅಂಗಳದಲ್ಲಿ ಕುಣಿತ, ಪಾಡ್ದನ. ಊರಿನ ಮಾರಿಯನ್ನು ಕಳೆಯುತ್ತಾನೆ ಎಂದು ನಂಬಿಕೆ. ಮನೆಯವರು ಅಕ್ಕಿ, ಉಪ್ಪು, ಮೆಣಸು, ಹುಳಿ, ಅರಸಿನ, ಮಸಿ ಕೊಡುತ್ತಾರೆ. ಊರಿನ ಕಷ್ಟ ಕಳೆಯಲು ಬಂದವನ ಮನೆಯಲ್ಲೇ ಎಲ್ಲರಿಗಿಂತ ಹೆಚ್ಚು ಕಷ್ಟ ಇತ್ತು ಎನ್ನುವುದನ್ನು ಆಗ ಯಾರೂ ಬಾಯಿಬಿಟ್ಟು ಹೇಳಿದ್ದಿಲ್ಲ. ಈಗ ಆಟಿಯೆಂದರೆ ಸಭಾಂಗಣದಲ್ಲಿ ‘ಆಟಿಡೊಂಜಿ ದಿನ’, ಪತ್ರೊಡೆ, ಸೆಲ್ಫಿ.

ಮೇಳದವರದ್ದೂ ಅದೇ ಪಾಡು. ಪತ್ತನಾಜೆಗೆ, ಅಂದರೆ ಮೇ 24ರ ಹೊತ್ತಿಗೆ, ಯಕ್ಷಗಾನದ ಗೆಜ್ಜೆ ಬಿಚ್ಚಿದರೆ ಮತ್ತೆ ಕಟ್ಟುವುದು ದೀಪಾವಳಿಯ ಸುಮಾರಿಗೆ. ನಡುವಿನ ಮಳೆಗಾಲದಲ್ಲಿ ಕಲಾವಿದ ಏನು ತಿನ್ನಬೇಕು? ಹೀಗೆ ಬಂದದ್ದು ಚಿಕ್ಕಮೇಳ. ಭಾಗವತರೊಬ್ಬರು, ಮದ್ದಳೆಯವರು, ಎರಡು ವೇಷ. ಸಂಜೆ ದೀಪ ಹಚ್ಚಿದ ಮೇಲೆ ಮನೆಮನೆಗೆ. ನಮ್ಮ ಜಗಲಿಯಲ್ಲಿ ಕಾಲು ಗಂಟೆಯ ಪ್ರಸಂಗ ಆಡಿ, ಕಾಣಿಕೆ ತೆಗೆದುಕೊಂಡು, ಒದ್ದೆ ಕೊಡೆ ಬಿಡಿಸಿ ಮುಂದಿನ ಮನೆಗೆ ಹೋಗುತ್ತಾರೆ. ಮಾರೂರು ನೂರಿನಬೆಟ್ಟುವಿನ ಬಲಿಪ ನಾರಾಯಣ ಭಾಗವತರು 2023ರಲ್ಲಿ ತೀರಿಕೊಂಡಾಗ ಊರೆಲ್ಲ ಬಲಿಪ ಶೈಲಿಯ ಬಗ್ಗೆ ಮಾತಾಡಿತು, ಮಾತಾಡಲೇಬೇಕಾದ ಗಂಟಲು ಅದು. ಆದರೆ ಅಂಥ ದೊಡ್ಡ ಹೆಸರಿಲ್ಲದೆ, ಮಳೆಯಲ್ಲಿ ಹಾಡಿಕೊಂಡು ಬರುವವರನ್ನು ಕೆಲವರು ಗೇಟಿನಲ್ಲೇ ‘ನಾಳೆ ಬನ್ನಿ’ ಎಂದು ಕಳಿಸುವುದು ನೋಡಿದ್ದೇನೆ. ನಾಳೆ ಎಂದರೆ ಅವರಿಗೆ ಬೇರೆ ಊರು.

ಇಷ್ಟರವರೆಗೆ ಹೇಳಿದ್ದು ಕೇಳಿ ಹಾಡೆಂದರೆ ಎಲ್ಲ ರೋಗಕ್ಕೂ ಮದ್ದು ಎಂದು ತಿಳಿದುಕೊಳ್ಳಬೇಡಿ. ಅದೇ ವಾದ್ಯ ಒಬ್ಬನಿಗೆ ಔಷಧ, ಇನ್ನೊಬ್ಬನಿಗೆ ಸಂಕೋಲೆ. ಕೊರಗರ ಡೋಲು ನೋಡಿ. ದಿನದ ದುಡಿಮೆ ಮುಗಿದ ಮೇಲೆ ಕೊಪ್ಪದ ಅಂಗಳದಲ್ಲಿ ಅವರು ತಮಗಾಗಿ ಡೋಲು ಬಾರಿಸಿ, ಕೊಳಲು ಊದಿ ಕುಣಿದದ್ದು ಒಂದು. ಕಂಬಳದ ಹಿಂದಿನ ರಾತ್ರಿಯಿಡೀ, ಊರವರ ಉತ್ಸವದಲ್ಲಿ ದೂರ ನಿಂತು, ಬಿಟ್ಟಿಯಾಗಿ ಬಾರಿಸಬೇಕೆಂದು ಇವರನ್ನು ಕಟ್ಟಿಹಾಕಿದ್ದು ಇನ್ನೊಂದು. ಎರಡೂ ಒಂದೇ ಡೋಲು. ಹೀಗೆ ಕಟ್ಟಿಹಾಕುವ ಅಜಲು ಪದ್ಧತಿಯನ್ನು ನಿಷೇಧಿಸಿ ಕರ್ನಾಟಕ ಸರಕಾರ ಕಾಯ್ದೆ ತಂದದ್ದು 2000ದಲ್ಲಿ, ಎಷ್ಟು ತಡವಾಗಿ ಎಂದು ಲೆಕ್ಕ ಹಾಕಿದರೆ ತಲೆ ತಗ್ಗಿಸಬೇಕು. ಹಾಗಾಗಿ ಯಾರಾದರೂ ಹಾಡಿ ಕಷ್ಟ ಮರೆಯುತ್ತಿದ್ದರು ಎಂದು ಹೇಳುವಾಗ, ಆ ಕಷ್ಟ ಕೊಟ್ಟವರು ಯಾರು ಎಂದೂ ಒಂದು ಮಾತು ಸೇರಿಸುವುದು ಒಳ್ಳೆಯದು.

“ನನಗೆ ಕಷ್ಟ ಕೊಡುವವ ಮನೆಯಲ್ಲೇ ಇದ್ದಾನೆ” ಎಂದು ಅಕ್ಕ ಮಾತು ತಿರುಗಿಸಿದರು. ಗಲ್ಫಿನಿಂದ ಬಂದ ಮಗ ನಾಸಿಕ್ ಬ್ಯಾಂಡಿಗೆ ಸೇರಿದ್ದಾನೆ. ಸಂಜೆಯಾದರೆ ಹಿತ್ತಿಲಲ್ಲಿ ಅಭ್ಯಾಸ. ಬೇಲಿಯ ಈಚೆ ನನ್ನ ಕಿಟಕಿಯ ಗಾಜೂ ತಾಳ ಹಾಕುತ್ತದೆ. ಕೇಳಿದರೆ, “ದುಬಾಯಿಯಲ್ಲಿ ರೂಮಿನಲ್ಲಿ ಮಲಗಿ ಸೀಲಿಂಗ್ ನೋಡ್ತಿದ್ದೆ ಮಾಮ, ಇಲ್ಲಿ ಬಾರಿಸಿದ್ರೆ ರಾತ್ರಿ ನಿದ್ದೆ ಬರ್ತದೆ” ಎಂದ. ಅವನಿಗೆ ನಿದ್ದೆ ಬರುತ್ತದೆ, ನಮಗೆ ಹೋಗುತ್ತದೆ. ಆದರೂ ಬೈಯಲು ಮನಸ್ಸು ಬರಲಿಲ್ಲ. ಮೂರು ತಿಂಗಳ ಹಿಂದೆ ಅವ ಕೋಣೆಯಿಂದ ಹೊರಗೇ ಬರುತ್ತಿರಲಿಲ್ಲ.

ಅವನಿಗೆ ನಾನು ಸಜಿಪದ ಕತೆ ಹೇಳಿದೆ. ಬಂಟ್ವಾಳ ತಾಲೂಕಿನ ಸಜಿಪಮೂಡದಲ್ಲಿ 1949ರ ಡಿಸೆಂಬರ್ 6ಕ್ಕೆ ಹುಟ್ಟಿದ ಹುಡುಗ. ತಂದೆ ತನಿಯಪ್ಪ ನಾಗಸ್ವರದವರು. ಹುಡುಗನೂ ನಾಗಸ್ವರ ಹಿಡಿದ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಅದರ ಹಿಂದೆ ಬಿದ್ದ. ಬೆಲ್ಜಿಯಂನವ ಮಾಡಿದ, ಪಟಾಲಮ್ಮಿನ ವಾದ್ಯ ಅದು. ಕೀಲಿ ಒತ್ತಿದರೆ ಬಿಡಿಬಿಡಿ ಸ್ವರ ಹೊರಡುವುದರಲ್ಲಿ ಗಮಕ ತೆಗೆಯಲು ವರ್ಷಗಟ್ಟಲೆ ಉಸಿರು ಸವೆಸಿದ. ಮಂಗಳೂರಿನ ಕಲಾನಿಕೇತನದ ಗೋಪಾಲಕೃಷ್ಣ ಅಯ್ಯರ್, ಮದರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ತಿದ್ದಿದರು. ಕದ್ರಿ ಗೋಪಾಲನಾಥರ ಮುಂದಿನ ಕತೆ, ಲಂಡನ್ನಿನ ಬಿಬಿಸಿ ಪ್ರೊಮ್ಸ್, 2004ರ ಪದ್ಮಶ್ರೀ, ಎಲ್ಲರಿಗೂ ಗೊತ್ತು. ಅವರು 2019ರ ಅಕ್ಟೋಬರಿನಲ್ಲಿ ಹೋದರು. ನನಗೆ ಮುಖ್ಯವೆನಿಸುವುದು ಇನ್ನೊಂದು: ಇವತ್ತು ನಮ್ಮ ಕಡೆಯ ಮದುವೆಯಲ್ಲಿ, ನೇಮದಲ್ಲಿ, ರಥೋತ್ಸವದಲ್ಲಿ ಸ್ಯಾಕ್ಸೋಫೋನ್ ಇಲ್ಲದ ವಾಲಗದ ಸೆಟ್ಟು ಕಾಣುವುದೇ ಅಪರೂಪ. ಎಷ್ಟೋ ಮನೆಗಳ ಒಲೆ ಆ ವಾದ್ಯದಿಂದ ಉರಿಯುತ್ತಿದೆ.

“ಹಾಗಾದ್ರೆ ನಾನೂ ಲಂಡನಿಗೆ ಹೋಗ್ತೇನಾ?” ಎಂದು ಅವ ಕೇಳಿದ. ಸದ್ಯ ಸಿದ್ಧಕಟ್ಟೆಯ ಗಣಪತಿ ಮೆರವಣಿಗೆಗೆ ಹೋಗಿ ಬಾ ಎಂದೆ.

ಅಕ್ಕನನ್ನು ಒಮ್ಮೆ ಮೂಡುಬಿದಿರೆಯ ಆಳ್ವಾಸ್ ವಿರಾಸತ್‌ಗೆ ಮಗಳು ಕರೆದುಕೊಂಡು ಹೋಗಿದ್ದಳು. ಸಾವಿರಾರು ಜನ, ಅರಮನೆಯಂಥ ವೇದಿಕೆ, ದೇಶದ ದೊಡ್ಡ ದೊಡ್ಡ ಕಲಾವಿದರು. ಹೇಗಿತ್ತು ಎಂದರೆ, “ಚಂದ ಇತ್ತು ಮಾಷ್ಟ್ರೆ, ಲಾಯ್ಕ ಇತ್ತು. ಆದ್ರೆ ನಾವು ಬಾಯಿ ಮುಚ್ಚಿ ಕೂರ್ಬೇಕಲ್ಲ.” ಅದೇ ಊರಿನ ರತ್ನಾಕರವರ್ಣಿ ಹದಿನಾರನೆಯ ಶತಮಾನದಲ್ಲಿ ಭರತೇಶ ವೈಭವವನ್ನು ಸಾಂಗತ್ಯದಲ್ಲಿ ಬರೆದದ್ದು ಯಾಕೆಂದು ನನಗೆ ಆಗ ಹೊಳೆಯಿತು. ಸಾಂಗತ್ಯವನ್ನು ಪಂಡಿತರಲ್ಲದವರೂ ಬಾಯಿ ಬಿಟ್ಟು ಹಾಡಬಹುದು. ದೊಡ್ಡವರ ಹಾಡು ಕೇಳುವುದು ಸುಖ, ಅದನ್ನು ಬೇಡ ಎನ್ನುವಷ್ಟು ಒಣಗಿದವ ನಾನಲ್ಲ. ಆದರೆ ಕೇಳಿ ಮನೆಗೆ ಬಂದ ಮೇಲೆ ಕಂತು ಅಲ್ಲೇ ಇರುತ್ತದೆ. ನಾವೇ ಹಾಡಿದರೂ ಇರುತ್ತದೆ, ನಿಜ. ಹಾಡುವ ಹೊತ್ತಿನಲ್ಲಿ ಮಾತ್ರ ಅದಕ್ಕೆ ನಮ್ಮ ಬಾಯಿಯ ಮೇಲೆ ಅಧಿಕಾರ ಇರುವುದಿಲ್ಲ.

ಗುಡ್ಡೆಯ ಮೇಲಿನ ಬಾಯಮ್ಮನ ಮನೆಯಲ್ಲಿ ಸಂಜೆ ತೇರ್ಸ್ ಪ್ರಾರ್ಥನೆ ಮುಗಿದ ಮೇಲೆ ಒಂದು ಕೊಂಕಣಿ ಗೀತೆ ಕೇಳುತ್ತದೆ. ಮಗಳ ಮದುವೆಯ ರೋಸ್ ಶಾಸ್ತ್ರಕ್ಕೆ ಅವರು ವೋವಿಯೊ ಪದ ಹೇಳುತ್ತಾ ಅತ್ತದ್ದೂ, ಅಳುತ್ತಾ ತೆಂಗಿನ ಹಾಲು ಹಚ್ಚಿದ್ದೂ, ಒಂದು ಸೊಲ್ಲೂ ಬಿಡದೆ ಮುಗಿಸಿದ್ದೂ ನಾವೆಲ್ಲ ನೋಡಿದ್ದೇವೆ. ಕೆಳಗಿನ ಬ್ಯಾರಿಗಳ ಮನೆಯ ಹುಡುಗರಿಗೆ ದಫ್ ಉಂಟು. ನಮ್ಮ ಬದಿಯಲ್ಲಿ ಭಜನಾ ಮಂದಿರ.

ಭಜನೆಯ ಬಗ್ಗೆ ನನಗೊಂದು ತಕರಾರು ಉಂಟು, ಹೇಳಿಬಿಡುತ್ತೇನೆ. ಧರ್ಮಸ್ಥಳದಲ್ಲಿ ವರ್ಷ ವರ್ಷ ಭಜನಾ ಕಮ್ಮಟ ನಡೆದು, ಊರೂರಿನವರು ಹೋಗಿ ರಾಗ ತಾಳ ಕಲಿತು ಬಂದದ್ದರಿಂದ ನಮ್ಮ ಮಂದಿರಗಳಲ್ಲಿ ಹಾಡು ಸುಧಾರಿಸಿದೆ, ಒಳ್ಳೆಯದೇ. ಆದರೆ ಈಗ ಎಲ್ಲೆಲ್ಲೂ ಕುಣಿತ ಭಜನೆಯ ಸ್ಪರ್ಧೆ. ಒಂದೇ ಬಣ್ಣದ ಸೀರೆ, ಒಂದೇ ಹೆಜ್ಜೆ, ತೀರ್ಪುಗಾರರು, ಮೊದಲ ಬಹುಮಾನ. ನಮ್ಮ ತಂಡದಿಂದ ಅಕ್ಕನನ್ನು ಕೈಬಿಟ್ಟರು, ಶ್ರುತಿ ಸೇರುವುದಿಲ್ಲವಂತೆ. ಅಕ್ಕ ಬೇಜಾರು ಮಾಡಲಿಲ್ಲ, ಮನೆಯಲ್ಲಿ ಗೆರಸೆಯ ಮುಂದೆ ಹಾಡಿದರು. ಬೇಜಾರಾದದ್ದು ನನಗೆ. ಏಕಾಹ ಭಜನೆಯ ರಾತ್ರಿ ಎರಡು ಗಂಟೆಗೆ, ಸೊಲ್ಲು ಹಿಡಿಯಲು ಜನವಿಲ್ಲದಾಗ, ಇದೇ ಅಕ್ಕ ಶಾಲು ಹೊದ್ದು ಬಂದು ಕೂತು ಬೆಳಗು ಮಾಡಿದ್ದಾರೆ. ಆಗ ಶ್ರುತಿ ಯಾರೂ ಕೇಳಿರಲಿಲ್ಲ. ಸಾಲ ಇರುವವನೂ, ಸೊಸೆಯೊಡನೆ ಮಾತು ಬಿಟ್ಟವಳೂ, ಪರೀಕ್ಷೆಯಲ್ಲಿ ಫೇಲಾದ ಹುಡುಗನೂ ಬಂದು ಕಿರುಚಬಹುದಾದ ಜಾಗ ಊರಿನಲ್ಲಿ ಅದೊಂದೇ. ಅದಕ್ಕೂ ಆಯ್ಕೆ ಪರೀಕ್ಷೆ ಇಟ್ಟರೆ ಅವರು ಎಲ್ಲಿಗೆ ಹೋಗಬೇಕು?

ಈ ಪ್ರಶ್ನೆಯನ್ನು ಕಳೆದ ಸಭೆಯಲ್ಲಿ ಎತ್ತಿದ್ದಕ್ಕೆ ನನ್ನನ್ನು ಸಮಿತಿಗೆ ಸೇರಿಸಿ, ಶನಿವಾರದ ಭಜನೆಯ ಉಸ್ತುವಾರಿ ಕೊಟ್ಟು ಬಾಯಿ ಮುಚ್ಚಿಸಿದ್ದಾರೆ. ಹಾಗಾಗಿ ಕರೆಯುವ ಅಧಿಕಾರ ಈಗ ನನಗುಂಟು. ಶನಿವಾರ ಸಂಜೆ ಏಳು ಗಂಟೆಗೆ, ತಾಳ ಬೇಕಾದಷ್ಟು ಉಂಟು, ಕೊನೆಗೆ ಪಂಚಕಜ್ಜಾಯವೂ ಉಂಟು. ಸ್ವರ ಇಲ್ಲವೆಂದು ಹಿಂದೆ ಕೂರಬೇಡಿ. ಮುಂದಿನ ಸಾಲು ಪೂರ್ತಿ ಅಂಥವರಿಗೇ ಇಟ್ಟಿದ್ದೇವೆ, ಅಕ್ಕನ ಪಕ್ಕದಲ್ಲಿ ಇನ್ನೂ ಜಾಗ ಉಂಟು.